ಕೊನೆಯ ಪಟ್ಟಿಯ ಊರು

ಇವತ್ತು ಊರುಗಳನ್ನು ತೂಗುವ ದಿನ ಎಂಬುದು ಹಲ್ಲುಜ್ಜುವಾಗಲೇ ನೆನಪಾಗಿ, ಬಾಯಿತುಂಬ ನೊರೆ ಇಟ್ಟುಕೊಂಡು ಅವನು ಕನ್ನಡಿಯ ಮುಂದೆ ಸುಮ್ಮನೆ ನಿಂತುಬಿಟ್ಟ. ನಲ್ಲಿಯಿಂದ ನೀರು ಹರಿಯುತ್ತಲೇ ಇತ್ತು. ಅಡುಗೆಮನೆಯಿಂದ ಹೆಂಡತಿ, "ನೀರು ನಿಲ್ಸಿ, ಇಲ್ಲ ಉಗುಳಿ, ಎರಡರಲ್ಲಿ ಒಂದು ಮಾಡಿ," ಎಂದಳು. ಉಗುಳಿದ. ವರ್ಷಕ್ಕೊಂದು ಸಲ ಈ ದಿನ ಬರುತ್ತದೆ, ಬಂದಾಗಲೆಲ್ಲ ಅವನು ಹೀಗೇ ನಿಂತುಬಿಡುತ್ತಾನೆ, ನಿಂತಾಗಲೆಲ್ಲ ಅದನ್ನು ನಿದ್ದೆಗಣ್ಣಿನ ತಲೆಗೆ ಕಟ್ಟುತ್ತಾನೆ. ಹೆಂಡತಿಗೆ ಇದೆಲ್ಲ ಗೊತ್ತು. ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದವನನ್ನು ಮೇಲಿಂದ ಕೆಳಗೆ ನೋಡಿ, "ಈ ಸಲವೂ ನಿಮ್ಮಕ್ಕನ ಹತ್ರ ಸಾಹೇಬರ ಥರಾನೇ ಮಾತಾಡ್ತೀರಾ?" ಎಂದು ಕೇಳಿದಳು. "ಅದು ಕೆಲಸ ಕಣೆ," ಎಂದ. "ಕೆಲಸವಂತೆ ಕೆಲಸ. ವರ್ಷದ ಮಿಕ್ಕ ದಿನ ಒಂದು ಫೋನ್ ಮಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಗಂಟು ಹೋಗುವುದಿಲ್ಲ ನಿಜ. ಆದರೆ ಏನು ಹೋಗುತ್ತದೆ ಎಂದು ಅವಳಿಗೆ ಬಿಡಿಸಿ ಹೇಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಮೇಜಿನ ಮೇಲಿದ್ದ ಕಾಫಿಯನ್ನು ನಿಂತೇ ಕುಡಿದು, ನಾಲಿಗೆ ಸುಟ್ಟುಕೊಂಡು, ಸುಟ್ಟದ್ದು ಅವಳಿಗೆ ಗೊತ್ತಾಗಬಾರದೆಂದು ಬೇಗ ಬೇಗ ಮೆಟ್ಟಿಲಿಳಿದ.

ಮೆಟ್ಟಿಲಿಳಿಯುವಾಗ ಅನ್ನಿಸಿತು, ತನ್ನ ಕೆಲಸವನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ, ನಗದಿದ್ದರೆ ಅವರಿಗೆ ಅರ್ಥವಾಗಿಲ್ಲ ಎಂದೇ. ಭೂಮಿಯ ಮೇಲಿನ ಊರುಗಳನ್ನೆಲ್ಲ ನಾಲ್ಕು ಪಟ್ಟಿಗಳಾಗಿ ವಿಂಗಡಿಸುವ ಒಂದು ಸಂಸ್ಥೆ. ಬಾಡಿಗೆ ಕಟ್ಟಡದ ಮೂರನೇ ಮಹಡಿ. ಹದಿನಾರು ಕುರ್ಚಿ, ಒಂಬತ್ತು ಜನ. ಜಗತ್ತನ್ನೇ ಅಲ್ಲಾಡಿಸುವ ಊರುಗಳು ಮೊದಲ ಪಟ್ಟಿಯಲ್ಲಿ. ಅವಕ್ಕೆ ಹೆಗಲು ಕೊಡುವಂಥವು ಎರಡರಲ್ಲಿ. ತಮ್ಮ ಸುತ್ತಿನ ನಾಲ್ಕು ಜಿಲ್ಲೆಗೆ ದೊಡ್ಡವೆನಿಸಿಕೊಂಡವು ಮೂರರಲ್ಲಿ. ಆಮೇಲೆ ಕೊನೆಯ ಪಟ್ಟಿ: ಇದ್ದೂ ಇಲ್ಲದಂಥವು, ಹೊರಜಗತ್ತಿನ ದಾರದ ಒಂದೆಳೆ ಮಾತ್ರ ಎಲ್ಲೋ ತಾಗಿಕೊಂಡಿರುವಂಥವು. ಅದಕ್ಕೂ ಕೆಳಗಿನವು ಪಟ್ಟಿಯಲ್ಲೇ ಇಲ್ಲ. ಅಲ್ಲಿ ಜನ ಹುಟ್ಟುತ್ತಾರೆ, ಸಾಯುತ್ತಾರೆ, ಆದರೆ ಸಂಸ್ಥೆಯ ಲೆಕ್ಕದಲ್ಲಿ ಅದು ಊರಲ್ಲ. ಕೊನೆಯ ಪಟ್ಟಿಯನ್ನು ನೋಡಿಕೊಳ್ಳುವವನು ಅವನು. ಹಾಗಾಗಿ ಆಫೀಸಿನಲ್ಲಿ ಅವನ ಹೆಸರೇ ಕೊನೇಪಟ್ಟಿ. "ಏನ್ ಕೊನೇಪಟ್ಟಿ, ಊಟ ಆಯ್ತಾ?" ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಅವನು ಹಲ್ಲು ಕಿರಿದು ಆಯ್ತು ಎನ್ನುತ್ತ ಬಂದಿದ್ದಾನೆ.

ಊರು ಪಟ್ಟಿಯಲ್ಲಿ ಉಳಿಯಬೇಕಾದರೆ ಏನಿರಬೇಕು ಎನ್ನುವುದಕ್ಕೆ ಮುಖ್ಯಸ್ಥರು ಎಂದೋ ಒಂದು ಕ್ರಮ ಹಾಕಿಕೊಟ್ಟಿದ್ದರು. ಹಲವು ದೇಶಗಳಲ್ಲಿ ಶಾಖೆ ಇರುವ ನೂರಿಪ್ಪತ್ತು ಸಂಸ್ಥೆಗಳ ಹೆಸರು ಒಂದು ಕಡತದಲ್ಲಿವೆ. ಅವುಗಳಲ್ಲಿ ಒಂದರ ಶಾಖೆಯಾದರೂ ಊರಿನಲ್ಲಿರಬೇಕು. ಇದೆ ಎಂದು ಕಾಗದದಲ್ಲಿದ್ದರೆ ಸಾಲದು, ಫೋನು ಮಾಡಬೇಕು. ಮೂರು ಸಲ ಬಡಿದುಕೊಳ್ಳುವುದರೊಳಗೆ ಎತ್ತಬೇಕು. ಎತ್ತಿದವರು ಯಂತ್ರವಾಗಿರಬಾರದು, ಮನುಷ್ಯರಾಗಿರಬೇಕು. ಮೊದಲು ಸಂಸ್ಥೆಯ ಹೆಸರು ಹೇಳಬೇಕು. ಆಮೇಲೆ ಮೂರು ಪ್ರಶ್ನೆ. ಕಚೇರಿ ಎಷ್ಟು ವರ್ಷದಿಂದ ಇದೆ? ಎಷ್ಟು ಜನ ಕೆಲಸ ಮಾಡುತ್ತಾರೆ? ಯಾವ ಊರಿನ ಕಚೇರಿಗೆ ವರದಿ ಕಳಿಸುತ್ತೀರಿ? ಉತ್ತರ ಸರಿಯಿದ್ದರೆ ಗುರುತು ಹಾಕಬೇಕು. ಅಷ್ಟೇ. ಇಡೀ ಭೂಗೋಳ ಎಲ್ಲಿಗೆ ಬಂದು ನಿಂತಿತು ನೋಡಿ, ಫೋನೆತ್ತುವ ಒಬ್ಬ ಹೆಂಗಸಿನ ಗಂಟಲಿಗೆ.

ಅವರವರ ಹುಟ್ಟೂರನ್ನು ಅವರವರ ಕೈಗೇ ಕೊಡಬಾರದು ಎಂಬುದು ಅಲ್ಲಿನ ಇನ್ನೊಂದು ನಿಯಮ. ಅಭಿಮಾನ ತೂಕ ಕೆಡಿಸುತ್ತದಂತೆ. ಅವನು ಹುಟ್ಟಿದಾಗ ಅಪ್ಪನ ಕೆಲಸ ಬೇರೆ ಊರಿನಲ್ಲಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿ ನಲವತ್ತು ದಿನಕ್ಕೆ ಊರಿಗೆ ಬಂದ. ಅರ್ಜಿಯಲ್ಲಿ ಆ ಆಸ್ಪತ್ರೆಯ ಊರನ್ನೇ ಬರೆದಿದ್ದ. ಸುಳ್ಳೇನಲ್ಲ. ಏಳು ವರ್ಷದ ಹಿಂದೆ ಊರುಗಳನ್ನು ಹೊಸದಾಗಿ ಹಂಚಿದಾಗ ತನ್ನ ಹಾಳೆಯಲ್ಲಿ ತನ್ನೂರಿನ ಹೆಸರು ಕಂಡು ಅವನು ಅದನ್ನು ಮೂರು ಸಲ ಓದಿದ್ದ. ಎದ್ದು ಹೋಗಿ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆ ಬರುವ ಮುಂಚೆ ಫೋನಿನ ದಿನ ಬಂತು. ಸರಕಿನ ವಿಮೆ ಮಾಡಿಸುವ ಒಂದು ಸಂಸ್ಥೆಯ ಶಾಖೆ, ಊರಿಗೆಲ್ಲ ಇದ್ದದ್ದು ಅದೊಂದೇ. ಎರಡನೇ ಸಲ ಬಡಿದುಕೊಳ್ಳುವಾಗಲೇ ಎತ್ತಿದರು. ಮೂರು ಮನೆತನದ ಹೆಸರು ಜೋಡಿಸಿದ ಆ ಸಂಸ್ಥೆಯ ಉದ್ದ ಹೆಸರನ್ನು ಒಂದೇ ಉಸಿರಿನಲ್ಲಿ, ಒಂದಕ್ಷರ ನುಂಗದೆ, ಅಕ್ಕ ಹೇಳಿದಳು. ಅವಳು ಅಲ್ಲಿ ಕೆಲಸಕ್ಕೆ ಸೇರಿದ್ದೇ ಅವನಿಗೆ ಗೊತ್ತಿರಲಿಲ್ಲ. ಪೆನ್ನು ಹಾಳೆಯ ಮೇಲೆ ನಿಂತುಹೋಯಿತು. ಬಾಯಿ ಮಾತ್ರ, ಅಭ್ಯಾಸದ ಬಾಯಿ, ಕಚೇರಿ ಎಷ್ಟು ವರ್ಷದಿಂದ ಇದೆ ಎಂದು ಕೇಳಿತು. ಅರೆಗಳಿಗೆ ತಡೆದು ಅವಳು ಉತ್ತರ ಹೇಳಿದಳು. ಮೂರಕ್ಕೂ ಹೇಳಿದಳು. ಕೊನೆಗೆ, "ಇನ್ನೇನಾದ್ರೂ ಕೇಳೋದಿದೆಯಾ?" ಎಂದಳು. ಇಲ್ಲ, ವಂದನೆಗಳು ಎಂದು ಇಟ್ಟುಬಿಟ್ಟ. ಅವಳಿಗೆ ಗುರುತು ಸಿಕ್ಕಿತೋ ಇಲ್ಲವೋ ಎಂದು ಒಂದು ವಾರ ನಿದ್ದೆಗೆಟ್ಟ. ಸಿಕ್ಕಿರಲಾರದು ಎಂದುಕೊಂಡರೆ ಬೇಜಾರು, ಸಿಕ್ಕಿರಬೇಕು ಎಂದುಕೊಂಡರೆ ನಾಚಿಕೆ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನಿಗೆ ಎದುರಿನ ಸೀಟಿನ ಹೆಂಗಸು ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದಿಟ್ಟುಕೊಂಡದ್ದು ಕಂಡಿತು. ಹಿಮ್ಮಡಿ ಊದಿತ್ತು. ಅಕ್ಕನೂ ಹಾಗೇ ಕೂತಿದ್ದಳು, ಒಂಬತ್ತು ವರ್ಷದ ಹಿಂದೆ, ಆಫೀಸಿನ ಒಳಬಾಗಿಲ ಪಕ್ಕದ ಕುರ್ಚಿಯಲ್ಲಿ, ಊದಿದ ಕಾಲನ್ನು ಚೀಲದ ಹಿಂದೆ ಮರೆಮಾಡಿಕೊಂಡು. ಚೀಲದ ಹಿಡಿ ಕಿತ್ತುಹೋಗಿ ಅಲ್ಲಿಗೆ ಹುರಿ ಕಟ್ಟಿತ್ತು. ಹೇಳದೆ ಕೇಳದೆ ಬಂದಿದ್ದಳು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ತಮ್ಮ ಎಲ್ಲಿ ಕೆಲಸ ಮಾಡುತ್ತಾನೆ ಎಂದು ಒಮ್ಮೆ ಕಣ್ಣಾರೆ ನೋಡೋಣ ಅಂತ. ಅಂದೇ ಮೊದಲ ಪಟ್ಟಿಯ ಒಂದು ಊರಿನಿಂದ ನಾಲ್ಕು ಜನ ದೊಡ್ಡವರು ಬಂದಿದ್ದರು, ಆ ಪಟ್ಟಿಯೊಳಗೆ ತಮ್ಮ ಊರು ಮೂರನೆಯದೋ ನಾಲ್ಕನೆಯದೋ ಎಂದು ವಾದ ಮಾಡಲು. ಅವರ ಬೂಟುಗಳ ಹೊಳಪು ಅವನಿಗಿನ್ನೂ ನೆನಪಿದೆ. ಮುಖ್ಯಸ್ಥರು ಅವರನ್ನು ಕರೆದುಕೊಂಡು ಹೋಗುತ್ತ ಕುರ್ಚಿಯ ಹತ್ತಿರ ನಿಂತು, "ಯಾರು ಇವರು?" ಎಂದು ಕೇಳಿದ್ದರು. ಅಕ್ಕ ಎನ್ನಲು ಎಷ್ಟು ಹೊತ್ತು ಬೇಕು? ಎರಡಕ್ಷರ. "ಊರಿನವರು ಸಾರ್, ಹೀಗೇ ಬಂದಿದಾರೆ," ಎಂದಿದ್ದ. ಅವಳು ಅವನ ಮುಖ ನೋಡಲಿಲ್ಲ. ಎದ್ದು ನಿಂತು ಕೈಮುಗಿದು, "ಹೌದು ಸಾರ್, ಊರಿನವಳು," ಎಂದಳು. ಬೈದಿದ್ದರೆ ಆಗುತ್ತಿತ್ತು. ಅತ್ತಿದ್ದರೂ ಆಗುತ್ತಿತ್ತು. ತನ್ನ ಸುಳ್ಳಿಗೆ ಅವಳು ಹೆಗಲು ಕೊಟ್ಟು ನಿಂತದ್ದನ್ನು ಅವನು ಇವತ್ತಿಗೂ ತಡೆದುಕೊಳ್ಳಲಾರ. ಸಂಜೆ ಬಸ್ಸು ಹತ್ತಿಸುವಾಗ ಅವಳು ಆ ಮಾತೇ ಎತ್ತಲಿಲ್ಲ. "ನಿಮ್ಮ ಪಟ್ಟೀಲಿ ನಮ್ಮೂರು ಎಷ್ಟನೇದೋ?" ಎಂದು ಕೇಳಿದಳು. "ಕೊನೇಲಿದೆ." "ಇದೆ ತಾನೆ? ಸಾಕು ಬಿಡು," ಎಂದು ನಕ್ಕಳು. ಆಮೇಲೆ ಎರಡು ಮೂರು ಸಲ ಅವನು ಮನೆಗೆ ಫೋನು ಮಾಡಿದ್ದುಂಟು. ಹವೆ ಹೇಗಿದೆ, ಚೆನ್ನಾಗಿದೆ. ಕಾಲು ಹೇಗಿದೆ, ಪರವಾಗಿಲ್ಲ. ಕ್ಷಮಿಸು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಹವೆಯ ಮಾತಾಗಿಬಿಡುತ್ತಿತ್ತು. ಬರಬರುತ್ತ ನಿಂತೇಹೋಯಿತು. ಬಸ್ಸಿನ ಹೆಂಗಸು ಅವನು ತನ್ನ ಕಾಲನ್ನೇ ನೋಡುತ್ತಿರುವುದನ್ನು ಕಂಡು ಸೆರಗೆಳೆದು ಕಾಲು ಮುಚ್ಚಿಕೊಂಡು ದುರುಗುಟ್ಟಿ ನೋಡಿದಳು. ಅವನು ಕಿವಿ ಬಿಸಿಯಾಗಿ ಒಂದು ನಿಲ್ದಾಣ ಮುಂಚೆಯೇ ಇಳಿದುಬಿಟ್ಟ.

ಇಳಿದು ನಡೆಯುವಾಗ ಹೋದ ವರ್ಷದ್ದು ಬಂದು ಮುತ್ತಿಕೊಂಡಿತು. ಹೋದ ವರ್ಷ ಎರಡನೇ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿರುವಾಗ ಫೋನಿನ ಆ ಕಡೆ ಕರ್ರೆಂದು ಒಂದು ಸದ್ದು ಕೇಳಿಸಿತ್ತು. ಕಬ್ಬಿಣದ ಗೇಟು ಕಲ್ಲಿನ ಮೇಲೆ ಎಳೆದುಕೊಂಡು ಹೋಗುವ ಸದ್ದು. ಮೊದಲು ದಪ್ಪಗೆ, ಕೊನೆಗೆ ಕೀರಲಾಗಿ. ಜಗತ್ತಿನಲ್ಲಿ ಆ ಸದ್ದು ಮಾಡುವ ಗೇಟು ಒಂದೇ. ಅಪ್ಪ ಇರುವವರೆಗೂ ಈ ಭಾನುವಾರ ಸರಿಮಾಡಿಸುತ್ತೇನೆ ಎನ್ನುತ್ತಲೇ ಇದ್ದ, ಊರಿನ ತಮ್ಮ ಮನೆಯ ಗೇಟು. ಅಂದರೆ ಕಚೇರಿ ಇಲ್ಲ. ಮುಚ್ಚಿದ್ದಾರೆ. ಫೋನು ಮನೆಗೆ ತಿರುಗಿದೆ. ಅಕ್ಕ ಮನೆಯ ಹಜಾರದಲ್ಲಿ ನಿಂತು, ಇಲ್ಲದ ಸಂಸ್ಥೆಯ ಮೂರು ಮನೆತನದ ಹೆಸರು ಹೇಳುತ್ತಿದ್ದಾಳೆ. "ನಾಲ್ಕು ಜನ ಇದ್ದೀವಿ," ಎಂದಳು ಅವಳು, ಗೇಟಿನ ಸದ್ದು ನಿಂತ ಮೇಲೆ. ಅವನು ಹಾಳೆಯ ಮೇಲೆ ನಾಲ್ಕು ಎಂದು ಬರೆದ. ಗುರುತು ಹಾಕಿದ. ಹದಿನಾಲ್ಕು ವರ್ಷದಲ್ಲಿ ಅವನು ಗೊತ್ತಿದ್ದೂ ಹಾಕಿದ ಒಂದೇ ಒಂದು ಸುಳ್ಳು ಗುರುತು ಅದು. ಯಾಕೆ ಹಾಕಿದೆ ಎಂದು ತನ್ನನ್ನೇ ಕೇಳಿಕೊಂಡರೆ ಊರಿನ ಮೇಲಿನ ಅಭಿಮಾನ ಎಂದು ಹೇಳಲೂ ಮನಸ್ಸು ಬರುತ್ತಿರಲಿಲ್ಲ. ಊರು ಪಟ್ಟಿಯಿಂದ ಬಿದ್ದರೆ ಮುಂದಿನ ವರ್ಷ ಆ ಹೆಸರಿನ ಮುಂದೆ ಫೋನು ನಂಬರೇ ಇರುವುದಿಲ್ಲ. ನಂಬರಿಲ್ಲದಿದ್ದರೆ ಫೋನಿಲ್ಲ. ಫೋನಿಲ್ಲದಿದ್ದರೆ ವರ್ಷಕ್ಕೊಮ್ಮೆ ಕೇಳುವ ಆ ದನಿಯೂ ಇಲ್ಲ. ನೀವೇ ಮಾಡಬಹುದಲ್ಲ ಎನ್ನುತ್ತಾಳೆ ಹೆಂಡತಿ. ಮಾಡಬಹುದು. ಮಾಡಿ ಮೊದಲ ಮಾತು ಏನು ಆಡುವುದು? ಪ್ರಶ್ನೆಗಳನ್ನು ಯಾರೋ ಬರೆದುಕೊಟ್ಟಿದ್ದಾರೆ ಎಂಬ ಧೈರ್ಯದ ಮೇಲೆ ತಾನೆ ಇಷ್ಟು ವರ್ಷ ಕಳೆದದ್ದು.

ಸಭೆಯ ಕೋಣೆಯಲ್ಲಿ ಆಗಲೇ ವಾದ ಹತ್ತಿಕೊಂಡಿತ್ತು. ಉದ್ದ ಮೇಜಿನ ಒಂದು ತುದಿಗೆ ಮುಖ್ಯಸ್ಥರು, ಪಕ್ಕದಲ್ಲಿ ವಿಮಾನಗಳ ಲೆಕ್ಕ ಇಡುವ ಮೇಡಂ, ಎದುರಿಗೆ ನಕ್ಷೆ ಬರೆಯುವವರು. ವಿಮಾನದ ಮೇಡಂಗೆ ಈ ಫೋನಿನ ಕ್ರಮವೇ ಆಗಿಬರುತ್ತಿರಲಿಲ್ಲ. "ಸಾರ್, ಊರಿನ ಮಹತ್ವ ಅಂದ್ರೆ ಜನ ಅಲ್ಲಿಗೆ ಹೋಗ್ತಾರೋ ಇಲ್ವೋ ಅನ್ನೋದು. ದಿನಕ್ಕೆ ಎಷ್ಟು ವಿಮಾನ ಇಳಿಯುತ್ತೆ ಎಣಿಸಿ, ಮುಗೀತು. ಫೋನ್ ಎತ್ತಿದ್ರು, ಹೆಸರು ಹೇಳಿದ್ರು ಅನ್ನೋದೆಲ್ಲ ಮಕ್ಕಳಾಟ," ಎನ್ನುತ್ತಿದ್ದರು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು; ಅವರಿಗೆ ಸಿಟ್ಟು ಬಂದಾಗ ಕನ್ನಡಕ ಸ್ವಚ್ಛವಾಗುತ್ತದೆ. "ಹೋಗೋರು ಯಾಕೆ ಹೋಗ್ತಾರಮ್ಮ? ಬಿಸಿಲು ಕಾಯೋಕೆ ಹೋದ್ರೆ ಅದು ಮಹತ್ವವಾ? ಊರಲ್ಲಿ ಏನಿದೆ ಅನ್ನೋದಲ್ಲ ಮುಖ್ಯ. ಬೇರೆ ಊರಿನವರು ಒಂದು ಕೆಲಸ ಆಗಬೇಕು ಅಂದ್ರೆ ಈ ಊರನ್ನ ಕೇಳಲೇಬೇಕಾ? ಕೇಳಲೇಬೇಕು ಅಂದ್ರೆ ಅದು ದೊಡ್ಡ ಊರು. ಕೇಳದೇ ಇದ್ರೂ ನಡೆಯುತ್ತೆ ಅಂದ್ರೆ, ಎಷ್ಟು ಲಕ್ಷ ಜನ ಇದ್ರೂ ಅಷ್ಟೇ." "ಹಾಗಾದ್ರೆ ಅಲ್ಲಿರೋ ಜನ?" "ಜನ ಎಲ್ಲ ಕಡೆ ಇದಾರೆ. ಜನರನ್ನ ಎಣಿಸೋಕೆ ಬೇರೆ ಇಲಾಖೆ ಇದೆ." ನಕ್ಷೆಯವರು ನಡುವೆ ಬಾಯಿ ಹಾಕಿದರು. "ಏನಾದ್ರೂ ಮಾಡ್ಕೊಳ್ಳಿ, ಎಡಗಡೆ ಕೆಳಮೂಲೆಯಿಂದ ಇನ್ನೊಂದು ಚುಕ್ಕೆ ತೆಗೀಬೇಡಿ. ಅಲ್ಲಿ ಬರೀ ಬಿಳೀ ಜಾಗ ಆಗಿದೆ. ಅಚ್ಚಾದ ಮೇಲೆ ಎಲ್ರೂ ನನ್ನನ್ನೇ ಕೇಳ್ತಾರೆ, ಇಲ್ಲಿ ಸಮುದ್ರ ಇದೆಯಾ ಅಂತ."

ಅವನು ನಕ್ಕ, ಎಲ್ಲರೂ ನಕ್ಕರೆಂದು. ಕೇಳದೇ ಇದ್ದರೂ ನಡೆಯುತ್ತದೆ. ನಡೆಯುತ್ತದಲ್ಲ, ಒಂಬತ್ತು ವರ್ಷದಿಂದ ಅಕ್ಕನನ್ನು ಕೇಳದೆ ಎಲ್ಲವೂ ನಡೆದಿದೆ. ಮನೆ ಬದಲಾಯಿಸಿದ, ಹಲ್ಲು ಕೀಳಿಸಿದ, ಹೆಂಡತಿಗೆ ಆಪರೇಷನ್ ಆಯಿತು, ಯಾವುದಕ್ಕೂ ಕೇಳಲಿಲ್ಲ. ಚಿಕ್ಕವನಿದ್ದಾಗ ಚಪ್ಪಲಿ ಯಾವ ಕಾಲಿಗೆ ಯಾವುದು ಎಂದೂ ಕೇಳುತ್ತಿದ್ದ. ಒಮ್ಮೆ ಅವನನ್ನು ನೀರಿನ ಟ್ಯಾಂಕಿನ ಮೇಲಕ್ಕೆ ಹತ್ತಿಸಿದ್ದಳು. ಕಬ್ಬಿಣದ ಏಣಿ, ಹಿಂದಿನಿಂದ ತನ್ನ ಎರಡು ತೋಳುಗಳ ನಡುವೆ ಅವನನ್ನು ಇಟ್ಟುಕೊಂಡು, ಬಿದ್ದರೆ ಇಬ್ಬರೂ ಬೀಳೋಣ ಬಾ ಎನ್ನುತ್ತ. ಮೇಲೆ ನಿಂತು ಕೈ ಬೀಸಿ, ಇಲ್ಲಿಂದ ಅಲ್ಲೀವರೆಗೂ ನಮ್ಮೂರು ಎಂದಳು. "ದೊಡ್ಡದಾ ಅಕ್ಕ?" ಎಂದು ಇವನು ಕೇಳಿದ. ಅವಳು ಯೋಚನೆ ಮಾಡಿ, "ನಿಂಗೆ ಎಷ್ಟು ದೊಡ್ಡದು ಬೇಕು ಹೇಳು," ಎಂದಿದ್ದಳು. ಆ ಪ್ರಶ್ನೆಯನ್ನು ಈ ಮೇಜಿನ ಮೇಲೆ ಇಟ್ಟರೆ ಮುಖ್ಯಸ್ಥರು ಎಷ್ಟು ಸಲ ಕನ್ನಡಕ ಒರೆಸಿಕೊಳ್ಳಬೇಕಾಗುತ್ತದೋ. "ಏನ್ ಕೊನೇಪಟ್ಟಿ, ಎಲ್ಲಿದೀರಿ?" ಎಂದರು ಅವರು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ವಿಮಾನದ ಮೇಡಂ ಮುಂದೆ ಅವನ ಹಾಳೆ ಬಿಡಿಸಿಕೊಂಡಿತ್ತು. ಅವರ ಬೆರಳು ಅವನೂರಿನ ಹೆಸರಿನ ಮೇಲಿತ್ತು.

"ಇದೊಂದು ನಂಗೆ ಅರ್ಥ ಆಗ್ತಿಲ್ಲ," ಎಂದರು ಮೇಡಂ. ದನಿಯಲ್ಲಿ ಕುಹಕವಿರಲಿಲ್ಲ, ಅವರು ಒಳ್ಳೆಯವರೇ, ಅದೇ ತೊಂದರೆ. "ಈ ಊರಿಗೆ ವಿಮಾನ ನಿಂತು ನಾಲ್ಕು ವರ್ಷ ಆಯ್ತು. ಪಕ್ಕದ ಬಂದರಲ್ಲಿ ಹಡಗು ಬರ್ತಿಲ್ಲ. ಹಡಗಿಲ್ಲದ ಕಡೆ ಸರಕಿನ ವಿಮೆಯವರು ಏನ್ ಮಾಡ್ತಾ ಕೂತಿದಾರೆ? ನೀವು ಫೋನ್ ಮಾಡಿ ಖಾತ್ರಿ ಮಾಡ್ಕೊಂಡಿದೀರಾ?"

"ಮಾಡಿದೀನಿ ಮೇಡಂ. ಹೋದ ವರ್ಷ."

"ಈ ವರ್ಷ?"

"ಇವತ್ತು ಮಾಡೋಣ ಅಂತಿದ್ದೆ."

"ಮಾಡೋಣ ಅಂತ ಯಾಕೆ, ಈಗಲೇ ಮಾಡಿ," ಎಂದರು ಮುಖ್ಯಸ್ಥರು, ಮೇಜಿನ ನಡುವಿನ ಫೋನನ್ನು ಅವನ ಕಡೆ ತಳ್ಳುತ್ತ. "ಸ್ಪೀಕರ್ ಹಾಕಿ, ಎಲ್ರೂ ಕೇಳೋಣ. ಎತ್ತಿದ್ರೆ ಉಳೀತು, ಎತ್ತದಿದ್ರೆ ಹೋಯ್ತು. ಮೇಡಂಗೂ ನಮ್ಮ ಕ್ರಮ ಎಷ್ಟು ಗಟ್ಟಿ ಅಂತ ಗೊತ್ತಾಗಲಿ."

ನೆಲ ಬಿರಿದು ನುಂಗಬಾರದೆ ಎನ್ನಿಸಿತು ಅವನಿಗೆ. ಮೂರನೇ ಮಹಡಿಯ ನೆಲ ಬಿರಿದರೆ ಎರಡನೇ ಮಹಡಿಯ ಹೊಲಿಗೆ ತರಬೇತಿ ಶಾಲೆಗೆ ಬೀಳುತ್ತೇನೆ ಅಷ್ಟೇ ಎಂದೂ ಅನ್ನಿಸಿತು. ಇಂಥ ಹೊತ್ತಿನಲ್ಲೂ ಬುದ್ಧಿ ಎಲ್ಲೆಲ್ಲಿಗೆ ಓಡುತ್ತದೆ. ನಂಬರು ಒತ್ತುವಾಗ ಎತ್ತದಿರಲಿ ಎಂದು ಬೇಡಿಕೊಂಡ. ಎತ್ತದಿದ್ದರೆ ಅವಳು ಮತ್ತೆ ಸಿಗುವುದಿಲ್ಲ ಎಂದು ಹೊಳೆದು, ಎತ್ತಲಿ ಎಂದು ಬೇಡಿಕೊಂಡ. ಒಮ್ಮೆ ಬಡಿದುಕೊಂಡಿತು. ನಕ್ಷೆಯವರು ಪೆನ್ಸಿಲು ಎತ್ತಿ ಹಿಡಿದರು. ಎರಡನೇ ಸಲ. ಮೇಡಂ ತಮ್ಮ ಕೈಗಡಿಯಾರ ನೋಡಿಕೊಂಡರು. ಮೂರನೆಯದು ಶುರುವಾಗಿ ಅರ್ಧಕ್ಕೆ ನಿಂತಿತು. ಮೂರು ಮನೆತನದ ಹೆಸರು ಒಂದೇ ಉಸಿರಿನಲ್ಲಿ ಕೋಣೆಯ ತುಂಬ ಬಂತು. ದನಿ ಸ್ವಲ್ಪ ಏದುಸಿರಿನದು. ಹಿತ್ತಿಲಿನಿಂದ ಓಡಿ ಬಂದಿರಬೇಕು, ಆ ಕಾಲಿಟ್ಟುಕೊಂಡು.

"ನಮಸ್ಕಾರ. ನಾವು ಊರುಗಳ ಪಟ್ಟಿ ಮಾಡೋ ಸಂಸ್ಥೆಯಿಂದ ಮಾತಾಡ್ತಾ ಇದೀವಿ," ಎಂದ. ತನ್ನ ದನಿ ತನಗೇ ಯಾರದೋ ಎನ್ನಿಸಿತು. "ಕಚೇರಿ ಎಷ್ಟು ವರ್ಷದಿಂದ ಇದೆ?"

"ಹದಿನೆಂಟು ವರ್ಷ ಆಯ್ತು ಸಾರ್."

"ಎಷ್ಟು ಜನ ಕೆಲಸ ಮಾಡ್ತೀರಿ?"

"ನಾಲ್ಕು ಜನ ಇದ್ದೀವಿ."

ಯಾವ ಊರಿಗೆ ವರದಿ ಕಳಿಸುತ್ತೀರಿ ಎಂದು ಕೇಳಿದ್ದಕ್ಕೆ ಮೊದಲ ಪಟ್ಟಿಯ ಒಂದು ಊರಿನ ಹೆಸರು ಹೇಳಿದಳು. ಸರಿಯಾದ ಉತ್ತರ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಎಲ್ಲ ಮುಗಿದುಹೋಯಿತು. ಮುಖ್ಯಸ್ಥರ ಮುಖ ಅರಳಿತು. ಅವರು ಮೇಡಂ ಕಡೆ ತಿರುಗಿ ಹುಬ್ಬು ಹಾರಿಸಿದರು. ಮೇಡಂ ಎರಡೂ ಕೈ ಎತ್ತಿ, "ತಪ್ಪಾಯ್ತು ಸಾರ್, ಒಪ್ಪಿಕೊಂಡೆ," ಎಂದು ನಕ್ಕರು. ನಕ್ಷೆಯವರು ಬದುಕಿದೆ ಎನ್ನುವಂತೆ ಪೆನ್ಸಿಲು ಕೆಳಗಿಟ್ಟರು. ಇನ್ನು ಅವನು ಒಂದು ಗುಂಡಿ ಒತ್ತಿದರೆ ಮುಗಿಯಿತು. ಊರು ಉಳಿಯಿತು, ಇನ್ನೊಂದು ವರ್ಷ ಕಳೆದರೆ ಮತ್ತೆ ಈ ದನಿ ಕೇಳಬಹುದು. ಕೈ ಗುಂಡಿಯ ಹತ್ತಿರ ಹೋಗಿತ್ತು. ಅಷ್ಟರಲ್ಲಿ ಮುಖ್ಯಸ್ಥರು ಸಂತೋಷದಲ್ಲಿ, "ಎಷ್ಟು ಅಚ್ಚುಕಟ್ಟಾಗಿ ಮಾತಾಡ್ತಾರ್ರೀ. ವರ್ಷಾ ವರ್ಷಾ ಇವರೇನಾ ಎತ್ತೋದು? ಯಾರು ಇವರು?" ಎಂದು ಕೇಳಿದರು.

ಅವನ ಬಾಯಿ ತೆರೆಯಿತು. ಯಾರೋ ಆಫೀಸಿನವರು ಸಾರ್ ಎನ್ನುವ ಮಾತು ಆಗಲೇ ತಯಾರಾಗಿ ನಾಲಿಗೆಯ ಮೇಲೆ ಕೂತಿತ್ತು. ಅದನ್ನು ತಾನು ತಯಾರು ಮಾಡಿದ್ದೂ ಅಲ್ಲ, ಅದಾಗಿಯೇ ಬಂದದ್ದು, ಅದರಿಂದಲೇ ಅವನಿಗೆ ಹೇಸಿಗೆಯಾಯಿತು. ಅವನು ಹೇಳುವ ಮೊದಲೇ ಫೋನಿನಿಂದ ಅಕ್ಕನ ದನಿ ಬಂತು, ಅವಸರವಸರವಾಗಿ, ಬೀಳುವ ಮಗುವಿನ ರಟ್ಟೆ ಹಿಡಿಯುವ ಹಾಗೆ: "ನಾನು ಇಲ್ಲಿ ಆಫೀಸಿನವಳು ಸಾರ್. ಅಷ್ಟೇ. ಇವರಿಗೆ ನನ್ನ ಪರಿಚಯ ಇಲ್ಲ."

ಹಾಗಾದರೆ ಅವಳಿಗೆ ಗೊತ್ತಿತ್ತು. ಏಳು ವರ್ಷವೂ ಗೊತ್ತಿತ್ತು. ಬಂದದ್ದು ಅಳುವೋ ಸಿಟ್ಟೋ ಅವನಿಗೇ ತಿಳಿಯಲಿಲ್ಲ. ಎಷ್ಟು ಸಲ ಇವಳು ಅಡ್ಡ ನಿಲ್ಲುತ್ತಾಳೆ, ಎಷ್ಟು ಸಲ ನಾನು ಅವಳ ಬೆನ್ನ ಹಿಂದೆ ನಿಂತುಕೊಳ್ಳುತ್ತೇನೆ, ನಲವತ್ತಾರು ವರ್ಷದ ಕತ್ತೆ. ಅವನು ಕೈಯನ್ನು ಗುಂಡಿಯಿಂದ ಹಿಂದಕ್ಕೆ ತೆಗೆದ.

"ಅಲ್ಲ ಸಾರ್," ಎಂದ. ಕೆಮ್ಮಿ ಮತ್ತೆ ಹೇಳಿದ. "ಇವರು ನಮ್ಮಕ್ಕ."

ಮುಖ್ಯಸ್ಥರಿಗೆ ಅರ್ಥವಾಗಲಿಲ್ಲ. "ಅಕ್ಕ ಅಂದ್ರೆ?"

"ಒಡಹುಟ್ಟಿದ ಅಕ್ಕ. ಒಂಬತ್ತು ವರ್ಷದ ಹಿಂದೆ ಇಲ್ಲಿಗೆ ಬಂದಿದ್ರು. ಆ ಬಾಗಿಲ ಹತ್ರ ಕೂತಿದ್ರು. ಯಾರು ಅಂತ ನೀವು ಕೇಳಿದ್ರಿ, ನಾನು ಊರಿನವರು ಅಂದೆ. ನಿಮಗೆ ನೆನಪಿರಲ್ಲ, ನಂಗಿದೆ. ಅದು ನಮ್ಮೂರು ಸಾರ್. ನಂಗೆ ಕೊಡಬಾರದಾಗಿತ್ತು, ನಾನು ಹೇಳಬೇಕಾಗಿತ್ತು. ಅಲ್ಲಿ ಕಚೇರಿನೂ ಇಲ್ಲ. ಈ ಫೋನು ಬಡಿದುಕೊಳ್ತಾ ಇರೋದು ನಮ್ಮನೇಲಿ. ಹೋದ ವರ್ಷನೇ ನಂಗೆ ಗೊತ್ತಾಗಿತ್ತು, ಗೊತ್ತಿದ್ದೂ ಗುರುತು ಹಾಕಿದೀನಿ."

ಹೇಳುತ್ತ ಹೇಳುತ್ತ ದನಿ ಅವನಿಗೆ ಗೊತ್ತಿಲ್ಲದೆಯೇ ಜೋರಾಗಿತ್ತು. ಮೇಡಂ ತಲೆ ತಗ್ಗಿಸಿ ತಮ್ಮ ಉಗುರು ನೋಡುತ್ತಿದ್ದರು; ತಾವು ಕೇಳಿದ ಪ್ರಶ್ನೆ ಎಲ್ಲಿಗೆ ಬಂದು ಮುಟ್ಟಿತೆಂದು ಅವರಿಗೆ ಸಂಕಟವಾದಂತಿತ್ತು. ಮುಖ್ಯಸ್ಥರು ಕನ್ನಡಕ ತೆಗೆದರು, ಒರೆಸದೆ ಮೇಜಿನ ಮೇಲಿಟ್ಟರು. ಆಮೇಲೆ, "ಗುರುತಿನ ವಿಷಯ ನಾಳೆ ಮಾತಾಡೋಣ," ಎಂದರು. "ಊರು ಮಾತ್ರ ಇಟ್ಕೊಳ್ಳೋಕೆ ಆಗಲ್ಲ. ನಿಮಗೇ ಗೊತ್ತು." ಅವನು ತಲೆಯಾಡಿಸಿದ. ಅವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಹೆಸರಿನ ಮೇಲೆ ಒಂದು ಗೆರೆ ಎಳೆದರು. ಅಡಿಪಟ್ಟಿ ಇಟ್ಟು, ನೇರವಾಗಿ, ಬೇರೆ ಊರುಗಳಿಗೆ ಎಳೆಯುವ ಹಾಗೆಯೇ. ಜಗತ್ತಿನಲ್ಲಿ ಏನೂ ಬಿದ್ದುಹೋಗಲಿಲ್ಲ. ಕೆಳಗಿನ ಮಹಡಿಯಲ್ಲಿ ಹೊಲಿಗೆ ಯಂತ್ರಗಳು ಓಡುತ್ತಿದ್ದವು.

ಫೋನಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಆ ಕಡೆ ಅವಳು ಇದ್ದಾಳೆ, ಉಸಿರು ಕೇಳಿಸುತ್ತಿದೆ. ಹಾಳೆಯ ಮೇಲೆ ಇನ್ನು ಕೇಳಬೇಕಾದ ಪ್ರಶ್ನೆ ಒಂದೂ ಉಳಿದಿರಲಿಲ್ಲ. ಅವನು ಕುರ್ಚಿಯ ಅಂಚಿಗೆ ಜರುಗಿ, ಎಂಟು ಜನ ಕೇಳುತ್ತಿದ್ದಾರೆಂಬುದು ಗೊತ್ತಿದ್ದೂ, ಫೋನಿಗೆ ಬಾಯಿ ಹತ್ತಿರ ತಂದ.

"ಅಕ್ಕಾ."

"ಹೂಂ."

"ಆಫೀಸು ಮುಚ್ಚಿ ಎಷ್ಟು ದಿನ ಆಯ್ತು?"

"ಮೂರು ವರ್ಷ ಆಯ್ತಲ್ಲೋ. ಎಲ್ಲ ಸಾಗಿಸ್ಕೊಂಡು ಹೋದ್ರು. ಇದೊಂದು ನಂಬರ್ ಇರಲಿ ಅಂತ ನಾನೇ ಕೇಳಿ ಉಳಿಸ್ಕೊಂಡೆ."

"ಮತ್ತೆ ಇನ್ನೂ ಯಾಕೆ ಅವರ ಹೆಸರು ಹೇಳ್ತೀಯ?"

ಆ ಕಡೆ ಅವಳು ಕುರ್ಚಿ ಎಳೆದುಕೊಂಡ ಸದ್ದು ಬಂತು. ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದಾಳೆ ಎಂದು ಅವನಿಗೆ ಇಷ್ಟು ದೂರದಿಂದಲೂ ತಿಳಿಯಿತು.

"ಹೇಳ್ದೇ ಇದ್ರೆ ನೀನು ಫೋನ್ ಇಟ್ಬಿಡ್ತಿದ್ದೆಯಲ್ಲೋ," ಎಂದಳು.